ಒಂದೇ ಫೋಟೋದಲ್ಲಿ ಇಬ್ಬರು ತಂಗಿಯರು

ಆ ಫೋಟೋದಲ್ಲಿ ನನ್ನ ಮದುವೆಯ ಇಳಕಲ್ ಸೀರೆ ಬಂದಿದೆ, ನಾನು ಬಂದಿಲ್ಲ. ಇಷ್ಟು ಹೇಳಿದರೆ ಆ ವರ್ಷ ನನ್ನ ಹೊಟ್ಟೆಯಲ್ಲಿ ಏನು ಉರಿಯುತ್ತಿತ್ತು ಎಂಬುದು ಅರ್ಧ ತಿಳಿದಂತೆ. ಉಳಿದರ್ಧವನ್ನೂ ಹೇಳುತ್ತೇನೆ.

ಎರಡು ಸಾವಿರದ ಮೂರನೇ ಇಸವಿಯ ಸುಮಾರು. ನಾವು ಧಾರವಾಡ ಬಿಟ್ಟು ಪಣಜಿಗೆ ಬಂದು ಆಗಲೇ ಎಷ್ಟೋ ವರ್ಷಗಳಾಗಿದ್ದವು. ನಮ್ಮನೆಯವರಿಗೆ ಆಫೀಸು ಬಿಟ್ಟರೆ ಕ್ಯಾಮೆರಾ, ಕ್ಯಾಮೆರಾ ಬಿಟ್ಟರೆ ಆಫೀಸು. ದುಬೈಯಿಂದ ಬಂದ ಗೆಳೆಯರೊಬ್ಬರ ಹತ್ತಿರ ಕೊಂಡ ರೋಲಿನ ಕ್ಯಾಮೆರಾ ಅದು. ಭಾನುವಾರ ಬಂತೆಂದರೆ ಫೆರಿ, ದೋಣಿ, ಹಳೇ ಮನೆಯ ಕಿಟಕಿ, ಮೀನು ಕಾಯುವ ಬೆಕ್ಕು, ಎಲ್ಲದಕ್ಕೂ ಒಂದೊಂದು ಕ್ಲಿಕ್ಕು. ನನ್ನದೂ ಕೆಲವು ಇವೆ. ದೇವಸ್ಥಾನದ ಕಂಬ ಎಷ್ಟು ಎತ್ತರ ಅಂತ ನೋಡುವವರಿಗೆ ತಿಳಿಯಲಿ ಎಂದು ನನ್ನನ್ನು ಅದರ ಪಕ್ಕ ನಿಲ್ಲಿಸಿ ತೆಗೆದವು.

ಆಗ ನನ್ನ ತಂಗಿ ಬಂದಳು. ನನಗಿಂತ ಹತ್ತು ವರ್ಷ ಚಿಕ್ಕವಳು. ಅವಳ ತಲೆ ಬಾಚಿದ್ದು, ಅಕ್ಷರ ತಿದ್ದಿಸಿದ್ದು, ಸ್ಕೂಲಿಗೆ ಕೈಹಿಡಿದು ಕರೆದೊಯ್ದದ್ದು ಎಲ್ಲ ನಾನೇ. ಬಿ.ಕಾಂ ಮುಗಿಸಿದ್ದಳು. ಪಣಜಿಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಮಡ್ಕಯಿಯ ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸ ಸಿಕ್ಕಿತು, ನಮ್ಮ ಮನೆಯಲ್ಲೇ ಉಳಿದಳು. ನಾನೇ ಬಾ ಎಂದು ಕರೆದದ್ದು.

ಅವಳು ಬಂದ ಮೇಲೆ ನಮ್ಮನೆಯವರಿಗೆ ಮಾತು ಬಂತು. ಅಲ್ಲಿಯವರೆಗೆ ಸಂಜೆ ಮನೆಗೆ ಬಂದರೆ ಚಹಾ ಕೇಳುವುದು, ಪೇಪರ್ ಕೇಳುವುದು, ಅಷ್ಟೇ ಅವರ ಭಾಷಣ. ಈಗ ಅವಳ ಬಸ್ಸು ಬರುವ ಹೊತ್ತಿಗೆ ಬಾಲ್ಕನಿಯಲ್ಲಿ ನಿಂತಿರುತ್ತಿದ್ದರು. ಅವಳು "ಮಾಮಾ, ಮಾಮಾ" ಅನ್ನುತ್ತ ಫ್ಯಾಕ್ಟರಿಯ ಸುದ್ದಿ ಹೇಳುವುದು, ಇವರು ಬಿದ್ದು ಬಿದ್ದು ನಗುವುದು. ನಮ್ಮ ಕಡೆ ಅಕ್ಕನ ಗಂಡನಿಗೂ ನಾದಿನಿಗೂ ಚೇಷ್ಟೆ ನಡೆಯುವುದೇ, ಅದರಲ್ಲಿ ತಪ್ಪೇನಿಲ್ಲ. ತಪ್ಪೇನಿಲ್ಲ ಎಂದು ನನಗೂ ಗೊತ್ತಿತ್ತು. ಆದರೂ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತ ಆ ನಗು ಕೇಳುವಾಗ ಸಾಸಿವೆಗಿಂತ ಮೊದಲು ನಾನೇ ಸಿಡಿಯುತ್ತಿದ್ದೆ.

ಅಷ್ಟರಲ್ಲಿ ಇವರಿಗೆ ಹೊಸ ಹುಚ್ಚು ಹಿಡಿಯಿತು: ಒಬ್ಬರನ್ನೇ ಒಂದೇ ಫೋಟೋದಲ್ಲಿ ಇಬ್ಬರು ಮಾಡುವುದು. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಲೆನ್ಸಿನ ಅರ್ಧಕ್ಕೆ ಕರಿ ರಟ್ಟು ಹಿಡಿಯಬೇಕು. ಆಗ ಫಿಲ್ಮಿನ ಅರ್ಧದಲ್ಲಿ ಮಾತ್ರ ಚಿತ್ರ ಮೂಡುತ್ತದೆ. ಆಮೇಲೆ ಫಿಲ್ಮನ್ನು ಮುಂದೆ ಸರಿಸದೆ, ರಟ್ಟನ್ನು ಮತ್ತೊಂದು ಅರ್ಧಕ್ಕೆ ಹಿಡಿದು, ಅದೇ ಮನುಷ್ಯನನ್ನು ಈಚೆ ಕೂರಿಸಿ ಇನ್ನೊಮ್ಮೆ ತೆಗೆಯಬೇಕು. ಮೊದಲು ನಮ್ಮ ಗ್ಯಾಸ್ ಸಿಲಿಂಡರ್ ಮೇಲೆ ಪ್ರಯೋಗ ನಡೆಯಿತು. ನಡುವೆ ಕಪ್ಪು ಪಟ್ಟಿ ಬಂದು ಒಂದಿಡೀ ರೋಲು ಹಾಳಾಯಿತು. ಎರಡನೇ ರೋಲಿನಲ್ಲಿ ಸಿಲಿಂಡರ್ ಎರಡಾಯಿತು. ಬುಕ್ ಮಾಡದೆಯೇ ಬಂತಲ್ಲ ಅಂತ ನಾನೂ ನಕ್ಕೆ. ಸಿಲಿಂಡರ್ ಆದ ಮೇಲೆ ನನ್ನ ಪಾಳಿ ಎಂದುಕೊಂಡು ಮನಸ್ಸಿನಲ್ಲೇ ಸೀರೆ ಕೂಡ ಆರಿಸಿಟ್ಟಿದ್ದೆ.

ಭಾನುವಾರ ಬೆಳಿಗ್ಗೆ ಇವರು ಹಾಲ್‌ನಲ್ಲಿ ಎರಡು ಬೆತ್ತದ ಕುರ್ಚಿ ಎದುರುಬದುರು ಹಾಕಿ ತಂಗಿಯನ್ನು ಕರೆದರು. ಎಡಗಡೆ ಚೂಡಿದಾರದಲ್ಲಿ ಒಬ್ಬಳು, ಬಲಗಡೆ ಸೀರೆಯಲ್ಲಿ ಇನ್ನೊಬ್ಬಳು, ಇಬ್ಬರೂ ಮಾತಾಡುತ್ತ ಕೂತ ಹಾಗೆ ಬರಬೇಕಂತೆ.

"ನಾ ಏನ್ ಮಾಡ್ಲಿ?" ಎಂದೆ.

"ನೀ ಎದುರಿನ ಕುರ್ಚಿ ಮ್ಯಾಲೆ ಕೂಡು. ಆಕಿ ಯಾಕಡೆ ನೋಡಬೇಕು ಗೊತ್ತಾಗಬೇಕಲ್ಲ. ಖಾಲಿ ಕುರ್ಚಿ ನೋಡಿದ್ರ ಕಣ್ಣು ಎಲ್ಲೆರೆ ಹೋಗ್ತಾವು. ಹೆದರಬ್ಯಾಡ, ನಿನ್ನ ಕಡೆ ರಟ್ಟು ಹಿಡದಿರ್ತೀನಿ, ನೀ ಬರಂಗಿಲ್ಲ."

ನಾನು ಫೋಟೋದಲ್ಲಿ ಬಂದುಬಿಡುತ್ತೇನೆಂದು ಹೆದರಬೇಕಂತೆ! ಕೂತೆ. ತಂಗಿ ನನ್ನ ಕಡೆ ನೋಡುತ್ತ ಏನೋ ಹೇಳಿದಳು, ಕ್ಲಿಕ್ ಅಂತು. ಆಮೇಲೆ ಅವಳಿಗೆ ನನ್ನ ಇಳಕಲ್ ಸೀರೆಯೇ ಬೇಕಾಯಿತು. ಟ್ರಂಕಿನಿಂದ ತೆಗೆದುಕೊಟ್ಟು, ನಿರಿಗೆ ಹಿಡಿದು ಉಡಿಸಿದವಳೂ ನಾನೇ. ಅಷ್ಟು ಹೊತ್ತು ಇವರು ಸ್ಟ್ಯಾಂಡ್ ಅಲುಗಾಡದಂತೆ ಕಾವಲು ನಿಂತಿದ್ದರು. ನಾವಿಬ್ಬರೂ ಕುರ್ಚಿ ಅದಲು ಬದಲು ಮಾಡಿಕೊಂಡೆವು. ಮತ್ತೆ ಅವಳು ನನ್ನನ್ನು ನೋಡಿದಳು, ಮತ್ತೆ ಕ್ಲಿಕ್.

ಫೋಟೋ ಚಲೋ ಬಂತು. ಸುಳ್ಳು ಯಾಕೆ ಹೇಳಲಿ, ಭಾಳ ಚಲೋ ಬಂತು. ಚೂಡಿದಾರದ ತಂಗಿ, ಸೀರೆಯ ತಂಗಿ, ಇಬ್ಬರೂ ಎಷ್ಟೋ ವರ್ಷದ ನಂತರ ಸಿಕ್ಕವರ ಹಾಗೆ ಮುಖ ಅರಳಿಸಿಕೊಂಡು ಒಬ್ಬರನ್ನೊಬ್ಬರು ನೋಡುತ್ತಿದ್ದರು. ಕೆಳಗಿನ ಮನೆಯ ಕಾರವಾರದ ಹೆಂಗಸು, ನಾವೆಲ್ಲ ಬಾಯಿ ಎಂದು ಕರೆಯುವವರು, ಅದನ್ನು ನೋಡಿ, "ಅವಳಿ ಏನ್ರಿ? ಎಷ್ಟ್ ಪ್ರೀತಿ ನೋಡ್ರಿ ಒಬ್ಬರ ಮ್ಯಾಲೊಬ್ಬರಿಗೆ" ಎಂದರು. ಅಲ್ಲಿಂದ ಶುರುವಾಯಿತು ಕಾಪಿಯ ಹಾವಳಿ. ಅವಳ ಫ್ಯಾಕ್ಟರಿಯ ಗೆಳತಿಯರಿಗೆ ಒಂದೊಂದು, ಧಾರವಾಡದಲ್ಲಿ ನನ್ನ ತವರಿಗೆ ಒಂದು, ಬೆಳಗಾವಿಯ ನನ್ನ ಅತ್ತೆಮನೆಗೆ ಒಂದು. ಒಂದು ಕಾಪಿ ತೆಗೆಸಿದರೆ ಇಬ್ಬರು ತಂಗಿಯರು ಹೆಚ್ಚು. ಅತ್ತೆಮನೆಯ ಷೋಕೇಸಿನಲ್ಲಿ ನನ್ನ ಮದುವೆಯ ಫೋಟೋ ಹಿಂದಕ್ಕೆ ಸರಿದು ಇದು ಮುಂದೆ ಬಂದದ್ದನ್ನು ಗಣಪತಿ ಹಬ್ಬಕ್ಕೆ ಹೋದಾಗ ಕಣ್ಣಾರೆ ಕಂಡೆ. ನನ್ನ ಸ್ವಂತ ಅತ್ತೆ, ನನಗೇ ಆ ಫೋಟೋ ತೋರಿಸಿ, "ನಿನ್ನ ಸೀರಿ ಆಕಿಗೆ ಭಾಳ ಒಪ್ಪೇತಿ ನೋಡವಾ" ಎಂದರು.

ಊರಿಂದ ಬಂದ ಮೇಲೆ ತಡೆಯಲಾಗಲಿಲ್ಲ. ಊಟಕ್ಕೆ ಕೂತಾಗ ಕೇಳಿಯೇ ಬಿಟ್ಟೆ. "ರೀ, ನಂದೂ ಒಂದು ಹಂಗ ತಗೀರಿ."

ಇವರು ರೊಟ್ಟಿ ಮುರಿಯುತ್ತ, "ನಿನ್ನ ಎರಡ್ ಮಾಡಿದ್ರ ನಾ ಎಲ್ಲಿ ಹೋಗ್ಲಿ ಮಾರಾಯ್ತಿ? ಒಬ್ಬಾಕಿನ್ನ ಸಂಭಾಳಿಸೂದ ಸಾಕಾಗೇತಿ" ಎಂದರು.

ತಂಗಿಯೂ ನಕ್ಕಳು. ನನಗೆ ಇವರ ಮಾತಿಗಿಂತ ಅವಳ ನಗುವೇ ಹೆಚ್ಚು ಚುಚ್ಚಿತು. ಅವಳನ್ನು ಎರಡು ಮಾಡಿದರೂ ಸಾಲದು, ಊರ ತುಂಬ ಹಂಚಬೇಕು. ನಾನು ಒಬ್ಬಳಿದ್ದರೇ ಹೆಚ್ಚಾಯಿತು. ಎರಡು ದಿನ ಮಾತು ಬಿಟ್ಟೆ. ಪಾತ್ರೆಗಳೇ ನನ್ನ ಪರವಾಗಿ ಮಾತಾಡಿದವು.

ತಂಗಿಗೆ ತಿಳಿಯಿತು. "ಮಾಮಾ, ಅಕ್ಕಂದು ತಗೀಲಿಲ್ಲಂದ್ರ ನಾ ಧಾರವಾಡಕ್ಕ ಹೊಂಟೆ ನೋಡ್ರಿ" ಎಂದು ಗಂಟುಬಿದ್ದಳು. ಅವರು ಒಪ್ಪಿಕೊಂಡರು. ಇದೂ ಒಂದು ಉರಿಯೇ. ನಾನು ಬಾಯಿಬಿಟ್ಟು ಕೇಳಿದರೆ ಆಗದ್ದು ಅವಳು ಒಂದು ಮಾತು ಆಡಿದರೆ ಆಗುತ್ತದೆ. ನನ್ನ ಗಂಡನ ಹತ್ತಿರ ನನಗೆ ಅವಳ ಶಿಫಾರಸು!

ಮತ್ತೊಂದು ಭಾನುವಾರ, ಅವೇ ಕುರ್ಚಿಗಳು. ನಾನು ಹಠಕ್ಕೆ ಅದೇ ಇಳಕಲ್ ಸೀರೆ ಉಟ್ಟೆ, ಎರಡನೆಯದಕ್ಕೆ ರೇಷ್ಮೆ ಸೀರೆ ಇಟ್ಟುಕೊಂಡೆ. ಎದುರಿನ ಕುರ್ಚಿಯಲ್ಲಿ ತಂಗಿ ಕೂತಳು. ರಟ್ಟಿನ ಮರೆಗೆ ಹೋಗುವ ಪಾಳಿ ಈ ಸಲ ಅವಳದು. ಅದಕ್ಕೆ ಅವಳಿಗೇನೂ ಬೇಜಾರಿದ್ದಂತೆ ಕಾಣಲಿಲ್ಲ. ಮುಂದೆ ಬಗ್ಗಿ ನನ್ನ ಸೆರಗು ಸರಿಮಾಡಿ, "ಅಕ್ಕಾ, ಭಾಳ ಚಂದ ಕಾಣಾಕತ್ತೀದಿ" ಎಂದಳು. "ನಗು, ನಗು" ಎಂದು ಇವರು ಹೇಳುತ್ತಲೇ ಇದ್ದರು. ನಕ್ಕೆ. ನಾನಂತೂ ನಕ್ಕೆ ಎಂದೇ ತಿಳಿದಿದ್ದೆ.

ರೋಲು ತೊಳೆದು ಬರಲು ಒಂದು ವಾರ ಹಿಡಿಯಿತು. ಸಂಜೆ ಇವರು ಲಕೋಟೆ ಹಿಡಿದು ಒಳಗೆ ಬಂದವರೇ ನಗತೊಡಗಿದರು. ಕೆಳಗಿನ ಮನೆಯ ಬಾಯಿಯೂ ಆಗ ನಮ್ಮಲ್ಲೇ ಕೂತಿದ್ದರು. ಫೋಟೋ ಕೈಯಿಂದ ಕೈಗೆ ಹೋಯಿತು. ತಾಂತ್ರಿಕವಾಗಿ ಒಂದು ಕೂದಲಿನಷ್ಟೂ ತಪ್ಪಿಲ್ಲ. ನಡುವೆ ಗೆರೆ ಇಲ್ಲ, ಬೆಳಕು ಸಮ. ಇಳಕಲ್ ಸೀರೆಯ ನಾನು, ರೇಷ್ಮೆ ಸೀರೆಯ ನಾನು. ಇಬ್ಬರ ತುಟಿಗಳೂ ನಗುತ್ತಿದ್ದವು. ಕಣ್ಣುಗಳು ಮಾತ್ರ ಒಬ್ಬಳನ್ನೊಬ್ಬಳು ನುಂಗುವ ಹಾಗಿದ್ದವು. ಒಂದೇ ಮನೆಯಲ್ಲಿ ಒಲೆ ಬೇರೆ ಮಾಡಿಕೊಂಡ ವಾರಗಿತ್ತಿಯರು ಹೀಗೆ ಕೂತಿರುತ್ತಾರೆ.

"ಇವರಿಬ್ಬರ ನಡುವ ಏನೋ ಆಗೇತಿ ನೋಡ್ರಿ" ಎಂದರು ಬಾಯಿ, ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತ.

"ಆಕಿಗೆ ಆಕಿ ಜೋಡಿನೂ ಹೊಂದಂಗಿಲ್ಲ, ಇನ್ನ ನನ್ನ ಪಾಡು ಏನ್ ಕೇಳ್ತೀರಿ" ಎಂದರು ಇವರು.

ನಾನೂ ನಗಲು ಹೋದೆ. ತಂಗಿ ನಗಲಿಲ್ಲ. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಬದಿ ನೋಡಿದಳು, ಇನ್ನೊಂದು ಬದಿ ನೋಡಿದಳು. ಅವಳ ಮುಖ ಸಣ್ಣದಾಯಿತು. ಆಮೇಲೆ ನನ್ನ ಹತ್ತಿರ ಬಂದು, ಉಳಿದವರಿಗೆ ಕೇಳಿಸದ ಹಾಗೆ, "ಅಕ್ಕಾ, ಎರಡೂ ಸಲ ನಿನ್ನ ಎದುರಿಗೆ ನಾ ಕೂತಿದ್ನಲ್ಲಾ?" ಎಂದಳು.

ಚಹಾ ಇಡುತ್ತೇನೆಂದು ಎದ್ದು ಹೋದೆ. ನೀರು ಕುದಿಯುವಾಗ ಅವಳ ಫೋಟೋ ಕಣ್ಣ ಮುಂದೆ ಬಂತು. ಊರವರೆಲ್ಲ ಹೊಗಳಿದ ಆ ಪ್ರೀತಿ, ಎಡಗಡೆಯಿಂದಲೂ ಬಲಗಡೆಯಿಂದಲೂ, ಅವಳು ತನ್ನನ್ನು ತಾನು ನೋಡಿಕೊಂಡದ್ದಲ್ಲ. ಎದುರಿಗೆ ಕೂತಿದ್ದವಳು ನಾನು. ಅಷ್ಟು ತಿಳಿದ ಮೇಲಾದರೂ ಹೊಟ್ಟೆ ತಣ್ಣಗಾಗಬೇಕಿತ್ತಲ್ಲ, ಆಗಲಿಲ್ಲ. ಹಾಗೆ ನೋಡುವುದು ಅವಳಿಗೆ ಬರುತ್ತದೆ, ನನಗೆ ಬರುವುದಿಲ್ಲ ಅಂತ ಇನ್ನಷ್ಟು ಉರಿಯಿತು.