ಗೋಡೆಗೆ ಮುಖ ಮಾಡಿದ ಚಿತ್ರಗಳ ಇಂದ್ರವ್ವ

ಉಗರಗೋಳದಲ್ಲಿ ಕೋಳಿ ಕೂಗುವುದು ಇಂದ್ರವ್ವ ಗಾಜು ಕೊಯ್ದ ಸದ್ದು ಕೇಳಿದ ಮೇಲೆಯೇ. ನಂಬದವರು ಬಂದು ಕೋಳಿಯನ್ನೇ ಕೇಳಬಹುದು. ಇನ್ನೂ ಮಬ್ಬುಗತ್ತಲು. ಆಕೆ ತಗಡಿನ ಅಂಗಡಿಯ ಬಾಗಿಲು ತೆರೆದು, ಗಾಜಿನ ಮೇಲೆ ಒಂದು ಗೆರೆ ಎಳೆದು, ಹಲಗೆಯ ಅಂಚಿಗಿಟ್ಟು ಟಕ್ ಎಂದು ಮುರಿಯುತ್ತಾಳೆ. ಅಷ್ಟು ನೇರವಾದದ್ದು ಇಡೀ ಜಿಲ್ಲೆಯಲ್ಲಿ ಇನ್ನೊಂದಿಲ್ಲ, ರಸ್ತೆಗಳನ್ನೂ ಸೇರಿಸಿ.

ಫೋಟೋಗಳಿಗೆ ಕಟ್ಟು ಹಾಕುವುದು ಇಂದ್ರವ್ವನ ಕೆಲಸ. ಪಕ್ಕದ ದೇವಿಯ ಗುಡ್ಡಕ್ಕೆ ಬಂದ ಭಕ್ತರು ಒಯ್ಯುವ ಪಟಗಳು, ಸವದತ್ತಿಯ ಲಗ್ನದ ಜೋಡಿಗಳು, ರಾಮದುರ್ಗದ ಕಡೆಯ ಸತ್ತ ಹಿರಿಯರು, ಎಲ್ಲರೂ ಗೋಡೆ ಹತ್ತಿದ್ದು ಆಕೆಯ ಕೈಯಿಂದಲೇ. ಗಂಡ ಭರಮಪ್ಪ ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು. ಫ್ಲೆಕ್ಸ್ ಬಂತು, ಬ್ರಶ್ಶು ಒಣಗಿತು, ಅದರ ಬೆನ್ನಿಗೇ ಭರಮಪ್ಪನೂ ಹೋದ. ಉಳಿದದ್ದು ಅರ್ಧರ್ಧ ಡಬ್ಬಿ ಬಣ್ಣ. ಅದು ಹಾಳಾಗುವುದು ಬೇಡವೆಂದು ಇಂದ್ರವ್ವ ಕಟ್ಟಿನ ಹಿಂದಿನ ರಟ್ಟಿನ ಮೇಲೆ ಚಿತ್ರ ಬರೆಯತೊಡಗಿದಳು. ಮುಂದೆ ಗಿರಾಕಿಯ ಅಜ್ಜ, ಹಿಂದೆ ಇಂದ್ರವ್ವನ ಕೋಳಿ. ಮುಂದೆ ಮದುಮಕ್ಕಳು, ಹಿಂದೆ ಆಡುಮರಿ. ಈ ಸೀಮೆಯ ಪಟಗಳನ್ನೆಲ್ಲ ಒಮ್ಮೆಲೇ ತಿರುಗಿಸಿಟ್ಟರೆ ಜಗತ್ತಿನ ಅತಿ ದೊಡ್ಡ ಚಿತ್ರಪ್ರದರ್ಶನ ಇಲ್ಲೇ ಆದೀತು. ತಿರುಗಿಸಿದವರು ಮಾತ್ರ ಯಾರೂ ಇಲ್ಲ.

“ಹಿಂದ ಬರದ್ರ ಯಾರೂ ಬೈಯೂದಿಲ್ರಿ,” ಎನ್ನುತ್ತಾಳೆ. “ಗ್ವಾಡಿ ಒಂದ ನೋಡತೈತಿ. ಅದಕ್ಕ ಬಾಯಿ ಇಲ್ಲ.”

ನಾಳೆಯಿಂದ ಆಷಾಢ. ಕಲಾವಿದರೂ ಮುಹೂರ್ತ ಬಿಟ್ಟವರಲ್ಲ; ಹಾಗಾಗಿ ಬೈಲಹೊಂಗಲದಲ್ಲಿ ಇಂದು ಒಂದೇ ಸಂಜೆ ಮೂರು ಚಿತ್ರಪ್ರದರ್ಶನಗಳ ಉದ್ಘಾಟನೆ. ಇಷ್ಟು ಕಲೆ ಒಮ್ಮೆಗೇ ಸುರಿದರೆ ಊರಿನ ಗಟಾರ ತುಂಬಿ ಹರಿಯುವ ಭಯವಿದೆ. ಮೂರೂ ಕಡೆ ಕಟ್ಟು ಹಾಕಿದ್ದು, ಮೊಳೆ ಬಡಿದದ್ದು, ತೂಗುಹಾಕಿದ್ದು ಇಂದ್ರವ್ವ. ಹಳೆ ಸೀರೆಗಳಲ್ಲಿ ಸುತ್ತಿದ ಚಿತ್ರಗಳನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದವಳೂ ಆಕೆಯೇ.

ಮೂರನೆಯ ಪ್ರದರ್ಶನ ಒಂದು ಕಲ್ಯಾಣ ಮಂಟಪದಲ್ಲಿ. ಅಲ್ಲಿ ಡ್ರಾಯಿಂಗ್ ಮಾಸ್ತರ ಶ್ರೀಶೈಲ ಆಕೆಯ ಒಂದು ಚಿತ್ರಕ್ಕೂ ಜಾಗ ಕೊಟ್ಟಿದ್ದಾರೆ. ಆಕೆಯ ಅವ್ವ ಮರೆವ್ವ ಶೇಂಗಾ ಸುಲಿಯುತ್ತ ಕೂತ ಚಿತ್ರ. ಹತ್ತೂರಿನ ಸತ್ತವರಿಗೆ ಕಟ್ಟು ಹಾಕಿದವಳ ಬಳಿ ಹೆತ್ತವಳದೊಂದು ಫೋಟೋ ಇಲ್ಲ. ಮುಖವನ್ನು ನೆನಪಿನಿಂದಲೇ ತೆಗೆದು ಬರೆದಿದ್ದಾಳೆ.

“ನಮ್ಮವ್ವ ಯಾರ ಗ್ವಾಡಿ ಮ್ಯಾಲೂ ಕುಂತಾಕಿ ಅಲ್ರಿ. ಇವತ್ತೊಂದಿನ ಮಂದಿ ಆಕಿ ಮಾರಿ ನೋಡ್ಲಿ.”

ಮೊದಲ ಉದ್ಘಾಟನೆ ಒಂದು ಸೊಸೈಟಿಯ ಮಾಳಿಗೆಯ ಮೇಲೆ. ಚಿತ್ರಗಳ ಮೇಲ್ತುದಿ ಗೋಡೆ ಬಿಟ್ಟು ಮುಂದಕ್ಕೆ ಬಾಗಿರುವುದನ್ನು ಕಂಡು ಕಲಾವಿದರು ಕೆರಳುತ್ತಾರೆ. ಮನೆಮನೆಯ ದೇವರ ಪಟದಂತೆ ಬಾಗಿಸಿ ತೂಗುಹಾಕುವುದು ಇಂದ್ರವ್ವನ ರೂಢಿ.

“ಬಗ್ಗಿದ್ರ ನಮ್ಮನ್ನ ನೋಡತಾವ್ರಿ ಸಾಹೇಬ್ರ. ನೆಟ್ಟಗ ನಿಂತ್ರ ಎದುರಿನ ಗ್ವಾಡಿ ನೋಡತಾವ.”

ಸಾಹೇಬರು ಒಪ್ಪುವುದಿಲ್ಲ. ಎಲ್ಲವನ್ನೂ ಮತ್ತೆ ಗೋಡೆಗೆ ಅಂಟಿಸಿ ಕೊಡುತ್ತಾಳೆ. ಎರಡನೆಯದು ಶಾಲೆಯೊಂದರ ಹಾಲ್. ಅಲ್ಲಿ ಚಿತ್ರಗಳ ಮುಂದೆ ಬರೆದವರೊಬ್ಬರೇ. ಮಿರ್ಚಿ ಭಜಿ ತುಂಬಿದ ಪರಾತದ ಮುಂದೆ ಇಡೀ ಬೈಲಹೊಂಗಲ. ಇಂದ್ರವ್ವ ಅಲ್ಲಿ ನಿಲ್ಲುವುದಿಲ್ಲ. ಚಿತ್ರ ನೋಡಲು ಅವ್ವನ ತಂಗಿ ಶಟ್ಟೆವ್ವ ನೇಸರಗಿಯಿಂದ ಮಂಟಪಕ್ಕೆ ಬಂದಿರುತ್ತಾಳೆ, ಮರಳುವ ಬಸ್ಸು ಒಂದೇ. ಅವ್ವನ ಮುಖ ಬಲ್ಲ ಜೀವವೂ ಈಗ ಅದೊಂದೇ.

ಮಂಟಪದ ಒಳಗೆ ಕಾಲಿಟ್ಟರೆ ಅವ್ವನಿದ್ದ ಜಾಗದಲ್ಲಿ ಕೈಮುಗಿದ ಒಂದು ದೊಡ್ಡ ಮೀಸೆ. ಮುಖ್ಯ ಅತಿಥಿಯ ಫ್ಲೆಕ್ಸ್ ಬ್ಯಾನರ್, ಚಿತ್ರದ ಮೇಲೆಯೇ ಕಟ್ಟಿದ್ದು. ಅತಿಥಿ ಆಗಲೇ ಮೈಕು ಹಿಡಿದಿದ್ದಾರೆ.

“ಅವರ ಕಡೇ ಮಂದಿ ಕಟ್ಟ್ಯಾರ್ರಿ ಇಂದ್ರವ್ವಾರ,” ಶ್ರೀಶೈಲ ಮಾಸ್ತರರು ಪಿಸುಗುಡುತ್ತಾರೆ. “ಭಾಷಣ ಮುಗೀಲಿ, ಬಿಚ್ಚಸತೇನಿ.”

ಶಟ್ಟೆವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ಬ್ಯಾನರನ್ನು ಅಳೆಯುತ್ತಾಳೆ.

“ಏ ಇಂದ್ರಿ, ನಮ್ಮಕ್ಕಗ ಮೀಸಿ ಯಾವಾಗ ಬಂದ್ವು?”

“ಅವ್ವ ಅದರ ಹಿಂದ ಅದಾಳ ಚಿಗವ್ವ. ಒಂದೀಟ ತಡಿ.”

“ಹಿಂದ ಅದಾಳ? ಹಂಗಾರ ನಮ್ಮಕ್ಕನ ಹೌದು ಬಿಡ. ಸಾಯೂತನಕ ಮಂದಿ ಹಿಂದನ ನಿಂತಾಕಿ. ಬರೋಬ್ಬರಿ ಬರದಿ.”

ಆ ಭಾಷಣ ಶುರುವಾದಾಗ ಹೊರಟವರು ಕಿತ್ತೂರಿಗೆ ನಡೆದುಹೋಗಿ, ಉಂಡು, ನಿದ್ದೆ ಮಾಡಿ ಬರಬಹುದಿತ್ತು. ಬಸ್ಸಿಗೆ ಅಷ್ಟು ತಾಳ್ಮೆ ಇಲ್ಲ. ಶಟ್ಟೆವ್ವ ಸೆರಗು ಝಾಡಿಸಿ ಎದ್ದು ಹೋಗುತ್ತಾಳೆ. ಆಕೆ ಹೋದ ಮೇಲೆ ಹಿಂದಿನ ಸಾಲಿನಲ್ಲಿ ನಗೆ. ಅವ್ವನ ಚಿತ್ರವನ್ನೂ ಇಂದ್ರವ್ವ ಬಾಗಿಸಿಯೇ ತೂಗುಹಾಕಿದ್ದಳು. ಅದು ಒಳಗಿನಿಂದ ನೂಕಿ ಬ್ಯಾನರಿನ ಅತಿಥಿಗೆ ಎಂಟು ತಿಂಗಳ ಹೊಟ್ಟೆ ಬಂದಿದೆ. ಅತಿಥಿಯ ಕಡೆಯವನೊಬ್ಬ ಓಡಿಬಂದು, ಬ್ಯಾನರಿನಡಿ ಕೈಹಾಕಿ, ಚಿತ್ರವನ್ನು ಕಳಚಿ ಕುರ್ಚಿಗಳ ಹಿಂದೆ ನೆಲಕ್ಕಿಡುತ್ತಾನೆ. ಗೋಡೆಗೆ ಮುಖ ಮಾಡಿ. ಖಾಲಿಯಾದ ಮೊಳೆಗೆ ಬ್ಯಾನರಿನ ದಾರ ಬಿಗಿಯುತ್ತಾನೆ. ಹೊಟ್ಟೆ ಇಳಿಯುತ್ತದೆ.

ಈಗ ಕಾಣುತ್ತಿರುವುದು ಬರಿಯ ಕಂದು ರಟ್ಟು. ಇಂದ್ರವ್ವ ಅದನ್ನೇ ನೋಡುತ್ತ ನಿಲ್ಲುತ್ತಾಳೆ.

“ಎಲ್ಲಾದರ ಹಿಂದೂ ಬರದೇನ್ರಿ. ಇದೊಂದು ಮುಂದ ಕುಂದರತೈತಿ ಅಂತ ಹೇಳಿ, ಹಿಂದ ಏನೂ ಬರೀಲಿಲ್ಲ.”

ಭಾಷಣ ಮುಗಿದು, ಶಾಲು ಹೊದಿಸಿ, ಫೋಟೋ ತೆಗೆಸಿಕೊಂಡು ಜನ ಕರಗುತ್ತಾರೆ. ಬ್ಯಾನರ್ ಬಿಚ್ಚಿಸುವ ಮಾತು ಮಾಸ್ತರರಿಗೆ ಮರೆತಿದೆ. ಇಂದ್ರವ್ವ ನೆನಪಿಸುವುದಿಲ್ಲ. ಅವ್ವನನ್ನು ಸೀರೆಯಲ್ಲಿ ಸುತ್ತುತ್ತಾಳೆ. ನಾಳೆ ನೇಸರಗಿಗೇ ಒಯ್ದು ತೋರಿಸಬಹುದಲ್ಲ ಎಂದು ಕೇಳಿದರೆ ಗಂಟು ಬಿಗಿಯುವ ಕೈ ನಿಲ್ಲುತ್ತದೆ.

“ತೋರಸಬಹುದ್ರಿ. ಉಡ್ಯಾಗ ಇಟಗೊಂಡ ತೋರಸೂದು ಬ್ಯಾರೆ, ಗ್ವಾಡಿ ಮ್ಯಾಲ ಕುಂದ್ರಸಿ ತೋರಸೂದು ಬ್ಯಾರೆ.”

ಬಾಗಿಲಲ್ಲಿ ಒಮ್ಮೆ ತಿರುಗಿ ನೋಡುತ್ತಾಳೆ. ಖಾಲಿ ಕುರ್ಚಿಗಳಿಗೆ ಮೀಸೆ ಇನ್ನೂ ಕೈಮುಗಿದೇ ಇದೆ.

“ಹೆಂಗ ನೆಟ್ಟಗ ನಿಂತೈತಿ ನೋಡ್ರಿ,” ಎನ್ನುತ್ತಾಳೆ. “ಮೊಳಿ ನಾ ಬಡದದ್ದು.”