ಅಡಕೊತ್ತಿನಲ್ಲಿ ಕತ್ತರಿಸಿದ ಗುಳಿಗೆ

ನಾನು ಕಂಡ ಅತ್ಯಂತ ಕಟ್ಟುನಿಟ್ಟಿನ ಔಷಧ ನಿಯಂತ್ರಕರೆಂದರೆ ನಮ್ಮ ಕಾನ್ವೆಂಟಿನ ಸಿಸ್ಟರ್. ಬೀರುವಿನ ಬೀಗದ ಕೈ ಅವರ ಸೊಂಟದಲ್ಲಿ, ಬೀರುವಿನೊಳಗೆ ಒಂದೇ ಡಬ್ಬಿ ಬಿಳಿ ಗುಳಿಗೆ. ಜ್ವರಕ್ಕೂ ಅದೇ, ಹೊಟ್ಟೆನೋವಿಗೂ ಅದೇ, ಗಣಿತ ಪರೀಕ್ಷೆಯ ಬೆಳಿಗ್ಗೆ ಬರುವ ತಲೆನೋವಿಗಂತೂ ಖಂಡಿತ ಅದೇ. ನುಂಗಿದ ಮೇಲೆ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಬೇಕು. ಒಂದು ಔಷಧ ನಮ್ಮ ಬಾಯಿಗೆ ಬೀಳುವ ಮೊದಲು ಎಷ್ಟು ವರ್ಷ ಎಷ್ಟು ಜನ ಪ್ರಯೋಗಾಲಯದಲ್ಲಿ ಒದ್ದಾಡಿರುತ್ತಾರೆ, ಎಷ್ಟು ಇಲಿಗಳು ಪ್ರಾಣ ಬಿಟ್ಟಿರುತ್ತವೆ, ಆಮೇಲೆ ಸರ್ಕಾರ ಹೇಗೆ ಅಳೆದು ತೂಗಿ ಅಪ್ಪಣೆ ಕೊಡುತ್ತದೆ ಎಂದು ಅವರು ವಿಜ್ಞಾನದ ಪೀರಿಯಡ್ಡಿನಲ್ಲಿ ವಿವರಿಸುವಾಗ ನನಗೆ ಕಣ್ಣು ತುಂಬಿ ಬರುತ್ತಿತ್ತು. ಇಲಿಗಳಿಗಾಗಿ.

ಪಾಪ, ಅಷ್ಟೆಲ್ಲ ಒದ್ದಾಡಿದವರಿಗೆ ಸಿರುಗುಪ್ಪದಲ್ಲಿ ನಮ್ಮ ಮನೆಯವರ ತಾಯಿ, ನಮ್ಮ ಅತ್ತೆ, ಇದ್ದಾರೆಂಬುದು ಗೊತ್ತಿರಲಿಲ್ಲ.

ಅತ್ತೆಯ ಶಾಸ್ತ್ರ ಸರಳ. ಇಂಗ್ಲಿಷ್ ಗುಳಿಗೆ ಹೀಟು, ನಮ್ಮ ಸೀಮೆಯೂ ಹೀಟು, ಎರಡೂ ಕೂಡಿದರೆ ಮನುಷ್ಯ ತಾಳುವುದಿಲ್ಲ. ಆದ್ದರಿಂದ ಶಿವರಾತ್ರಿ ಕಳೆದು ಬಿಸಿಲು ಬಲಿಯಿತೆಂದರೆ ಅವರ ಮನೆಯಲ್ಲಿ ಜ್ವರದ ಗುಳಿಗೆ ಇಡಿಯಾಗಿ ಯಾರ ಹೊಟ್ಟೆಗೂ ಹೋಗದು. ಎಲೆಅಡಿಕೆಯ ತಟ್ಟೆಯಿಂದ ಅಡಕೊತ್ತು ತೆಗೆದು, ಒಂದು ಅದುಮಿಗೆ ಎರಡು ಹೋಳು. ‘ತಂಪಾದ, ಒಣಗಿದ ಜಾಗದಲ್ಲಿಡಿ’ ಎಂದು ಸ್ಟ್ರಿಪ್ಪಿನ ಮೇಲೆ ಬರೆದದ್ದನ್ನು ನಾನು ಒಮ್ಮೆ ಓದಿ ಹೇಳಿದೆ. ಬಳ್ಳಾರಿ ಜಿಲ್ಲೆಯ ಬೇಸಿಗೆ ಕಾಣದ ಯಾರೋ ಬರೆದಿರಬೇಕು. ಆದರೂ ಅತ್ತೆ ಗೌರವ ಕೊಟ್ಟು, ನೀರಿನ ಗಡಿಗೆಯ ಕೆಳಗಿನ ಹಸಿ ಮರಳಿನಲ್ಲಿ ಗುಳಿಗೆ ಡಬ್ಬಿ ಊರಿಟ್ಟರು. ತಂಪಂತೂ ಸಿಕ್ಕಿತು. ಒಣ ಎಂಬುದನ್ನು ಕೈಬಿಡಬೇಕಾಯಿತು.

ನಾವು ನಗುತ್ತಿದ್ದೆವು. ಜ್ವರದ ಗುಳಿಗೆ ತಾನೇ, ಏನಾದೀತು ಎಂದು.

ಆಮೇಲೆ ಅತ್ತೆಯ ಕಣ್ಣಿಗೆ ಪೊರೆ ಬಂತು. ಹೆಂಚಿನ ಮೇಲಿನ ರೊಟ್ಟಿ ತಿರುವಲು ಹೋಗಿ ಹೆಂಚನ್ನೇ ಮುಟ್ಟತೊಡಗಿದರು. ಕೌದಿ ಹೊಲಿಯುವ ಸೂಜಿಗೆ ದಾರ ಪೋಣಿಸಲು ಬೀದಿಯಲ್ಲಿ ಹೋಗುವವರನ್ನು ಕೂಗಿ ಕರೆಯುತ್ತಿದ್ದರು. ಒಂದು ಕಣ್ಣು ಮುಚ್ಚಿದ ಹಾಗೇ ಆಗಿತ್ತು, ಇನ್ನೊಂದೂ ಅದೇ ದಾರಿ ಹಿಡಿದಿತ್ತು. ಬಳ್ಳಾರಿಯ ಕಣ್ಣಿನ ಆಸ್ಪತ್ರೆಯವರು ದಿನ ಕೊಟ್ಟರು. ಅತ್ತೆ ಬಳ್ಳಾರಿಯ ನಮ್ಮ ಮನೆಗೆ ಬಂದರು. ಆಸ್ಪತ್ರೆಯವರು ತೋಳಿಗೆ ಪಟ್ಟಿ ಸುತ್ತಿ ನೋಡಿದರು, ಬಿಪಿ ಏರಿತ್ತು, ವಾಪಸ್ ಕಳಿಸಿದರು. ಬಿಪಿ ಇಳಿಯದೆ ಕಣ್ಣು ಮುಟ್ಟುವುದಿಲ್ಲ ಎಂದರು.

“ಗುಳಿಗಿ ದಿನಾ ತಗೋತೀರೇನಮ್ಮಾ?” ಎಂದು ಕೇಳಿದರು ಅತ್ತೆಗೆ ಮೊದಲಿನಿಂದ ಬಿಪಿ ಗುಳಿಗೆ ಕೊಡುತ್ತಿದ್ದ ನಮ್ಮ ಡಾಕ್ಟರು.

“ಒಂದಿನ ತಪ್ಪಿಸಿದ್ರ ಕೇಳ್ರಿ!” ಅತ್ತೆ ಖಾಲಿ ಸ್ಟ್ರಿಪ್ಪುಗಳನ್ನು ಸೆರಗಿನಿಂದ ತೆಗೆದು ಮೇಜಿನ ಮೇಲೆ ಹರಡಿದರು. ಸಾಕ್ಷಿ ಅಂದರೆ ಹಾಗಿರಬೇಕು. ಡಾಕ್ಟರು ಗುಳಿಗೆಯ ಪವರ್ ತುಸು ಏರಿಸಿದರು. ಮುಂದಿನ ಸಲವೂ ಬಿಪಿ ಜಗ್ಗಲಿಲ್ಲ. ಮತ್ತೆ ಪವರ್ ತುಸು ಏರಿತು, ಮತ್ತೆ ಆಪರೇಷನ್ ಮುಂದಕ್ಕೆ ಹೋಯಿತು.

ಇತ್ತ ಕುರುಗೋಡಿನಿಂದ ನಾದಿನಿಯ ಫೋನು. “ಅತ್ತಿಗಿ, ಎದ್ದು ನಿಂತ್ರ ತಲಿ ಗರ್ ಅಂತೈತಿ. ದಿನದಿಂದ ದಿನಕ್ಕ ಜಾಸ್ತಿನ ಆಗಾಕತ್ತೈತಿ.” ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆಯೇ ಅದಕ್ಕೆ ಚಿಕಿತ್ಸೆ ಕೊಟ್ಟರು: “ಬಿಸಿಲು. ಮಜ್ಜಿಗಿ ಕುಡಿ ಅನ್ನು.” ಈ ಮನೆತನದಲ್ಲಿ ವೈದ್ಯಕೀಯ ರಕ್ತದಲ್ಲೇ ಇದೆ.

ಮುಂದಿನ ಸಲ ತಾಯಿಯ ಜೊತೆ ನಾದಿನಿಯೂ ಬಂದಳು. ಡಾಕ್ಟರು ಕರೆದರೆಂದು ಬೆಂಚಿನಿಂದ ಎದ್ದವಳು ಹಾಗೇ ನೆಲಕ್ಕೆ ಕುಸಿದಳು. ನರ್ಸು ಅತ್ತೆಗೆ ಸುತ್ತಬೇಕಾದ ಪಟ್ಟಿಯನ್ನು ಅವಳ ತೋಳಿಗೆ ಸುತ್ತಿದಳು. ಬಿಪಿ ತೀರಾ ಕೆಳಗಿತ್ತು. ಮಲಗಿಸಿ, ಸಲೈನ್ ಹಚ್ಚಿದ ಮೇಲೆ ಡಾಕ್ಟರು ಕೇಳಿದರು, “ಯಾವ ಗುಳಿಗಿ ತಗೊಳಾಕತ್ತೀರಿ?”

ನಾದಿನಿ ತಾಯಿಯ ಮುಖ ನೋಡಿದಳು. ಆಮೇಲೆ ಪರ್ಸಿನಿಂದ ಪೇಪರಿನ ಪೊಟ್ಟಣವೊಂದನ್ನು ತೆಗೆದಳು. ಅದರ ತುಂಬ ಅರ್ಧ ಗುಳಿಗೆಗಳು. ಒಂದೊಂದರ ಅಂಚಿಗೂ ಅಡಿಕೆ ಪುಡಿ.

“ಅವ್ವ ಕಳಿಸ್ತಾಳ್ರಿ. ಶೇಂಗಾ ಚಟ್ನಿ ಡಬ್ಬ್ಯಾಗ ಇಟ್ಟು, ಬಸ್ಸಿಗೆ ಬರೋರ ಕೈಯಾಗ.”

ಡಾಕ್ಟರು ಅತ್ತೆಯತ್ತ ತಿರುಗಿದರು. ಅತ್ತೆ ಅಳುಕಲಿಲ್ಲ.

“ನನಗ ಮೊದಲ ತಲಿ ತಿರುಗಿದಾಗ ನೀವ ಇದನ್ನ ಕೊಟ್ಟಿದ್ರಿ. ಅಕಿಗೂ ತಲಿ ತಿರುಗತೈತಿ ಅಂದ್ಲು. ಇಂಥ ಬ್ಯಾಸಗ್ಯಾಗ ನನಗ ಅರ್ಧ ಸಾಕು. ಉಳಿದಿದ್ದು ಹೊಟ್ಟ್ಯಾಗ ಹುಟ್ಟಿದ ಮಗಳಿಗೆ ಕೊಡದ ಚೆಲ್ಲಲೇನ್ರಿ?”

“ಅಮ್ಮಾ, ನಿಮಗ ಬಿಪಿ ಜಾಸ್ತಿ. ಅವರಿಗೆ ಮೊದಲ ಕಮ್ಮಿ ಐತಿ!”

“ಅದಕ್ಕ ಅರ್ಧ ಕೊಟ್ಟೀನಲ್ರಿ!”

ಡಾಕ್ಟರು ಪೊಟ್ಟಣವನ್ನು ಎತ್ತಿ ತಮ್ಮ ಕೋಟಿನ ಜೇಬಿಗೆ ಹಾಕಿಕೊಂಡರು. ನಾನು ಮನಸ್ಸಿನಲ್ಲೇ ಈ ವ್ಯವಸ್ಥೆಗೆ ಕೈಮುಗಿದೆ. ಅತ್ತೆ ಅರ್ಧವೇ ನುಂಗುವುದರಿಂದ ಬಿಪಿ ಇಳಿಯದು. ಇಳಿಯದ್ದಕ್ಕೆ ಡಾಕ್ಟರು ಪವರ್ ಏರಿಸುವರು. ಏರಿದ ಪವರಿನ ಅರ್ಧ ಕುರುಗೋಡಿಗೆ ಹೋಗುವುದು. ಅಲ್ಲಿ ತಲೆ ಇನ್ನಷ್ಟು ತಿರುಗುವುದು, ಮಗಳ ಮೇಲಿನ ಮಮತೆಯಿಂದ ಇನ್ನಷ್ಟು ಹೋಳು ಬಸ್ಸು ಹತ್ತುವುವು. ಮಕ್ಕಳ ಕೈಗೆ ಸಿಗದಂತೆ ಇಡಿ ಎಂದು ಬರೆಸುವ ಸರ್ಕಾರಕ್ಕೆ ತಾಯಂದಿರ ವಿಚಾರ ಹೊಳೆದೇ ಇಲ್ಲ.

ಏರಿಸಿದ ಪವರನ್ನೆಲ್ಲ ಡಾಕ್ಟರು ಇಳಿಸಿದರು. ಮೊದಲಿನ ಗುಳಿಗೆಯನ್ನೇ ಇಡಿಯಾಗಿ ಕೊಡಬೇಕು, ಯಾರಾದರೂ ಎದುರು ನಿಂತು ನುಂಗಿಸಬೇಕು ಎಂದರು. ಎಲ್ಲರೂ ನನ್ನನ್ನೇ ನೋಡಿದರು. ನಾದಿನಿ ಗುಳಿಗೆ ಬಿಟ್ಟು, ತಲೆ ನೆಟ್ಟಗಾಗಿ ಕುರುಗೋಡಿಗೆ ಹೋದಳು. ಅತ್ತೆ ನಮ್ಮಲ್ಲೇ ಉಳಿದರು. ಅವರ ಚೀಲದಲ್ಲಿದ್ದ ಅಡಕೊತ್ತನ್ನು ನಾನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ.

“ನಾಲಿಗಿ ಎತ್ರಿ ಅತ್ತಿ.”

“ಏನವಾ, ನಾನೇನ್ ಕಳ್ಳಿ ಅದೀನೇನು?”

“ಎತ್ರಿ.”

ಅಪ್ಪ ಅಷ್ಟು ಆಸೆಪಟ್ಟು ಕೊಡಿಸಿದ ಕಾನ್ವೆಂಟ್ ವಿದ್ಯೆ ಕೊನೆಗೂ ಉಪಯೋಗಕ್ಕೆ ಬಂತು. ಬಿಪಿ ಇಳಿಯಿತು. ಒಂದು ಕಣ್ಣಿನ ಆಪರೇಷನ್ ಆಯಿತು.

ಕಣ್ಣಿನ ಪಟ್ಟಿ ಬಿಚ್ಚಿದ ಮರುದಿನ ಬೆಳಿಗ್ಗೆ ಅತ್ತೆ ಗುಳಿಗೆಯನ್ನು ಅಂಗೈ ಮೇಲಿಟ್ಟುಕೊಂಡು ಕಿಟಕಿಯ ಬಳಿ ನಿಂತಿದ್ದರು. ಎಷ್ಟೋ ದಿನದ ಮೇಲೆ ಬಿಳಿ ಬಣ್ಣ ಬಿಳಿಯಾಗಿಯೇ ಕಂಡಿರಬೇಕು, ಅಳುತ್ತಾರೇನೋ ಎಂದುಕೊಂಡೆ.

“ಬಾರವಾ ಇಲ್ಲಿ.” ಗುಳಿಗೆಯ ನಟ್ಟನಡುವೆ ಉಗುರಿಟ್ಟು ತೋರಿಸಿದರು. “ಇದೇನು?”

“ಗೆರಿ ಅತ್ತಿ.”

“ಕಂಪನ್ಯಾವರು ಯಾಕ ಹಾಕ್ಯಾರ?”

ಸಿಸ್ಟರ್ ನಮಗೆ ಸುಳ್ಳು ಹೇಳುವುದನ್ನು ಕಲಿಸಿರಲಿಲ್ಲ. “ಅರ್ಧ ಮಾಡಾಕ. ಡಾಕ್ಟ್ರು ಹೇಳಿದ್ರ ಮಾತ್ರ.”

ನನ್ನ ಉತ್ತರದ ಉತ್ತರಾರ್ಧ ಅವರಿಗೆ ಕೇಳಿಸಿದ ಹಾಗೆ ಕಾಣಲಿಲ್ಲ. ಹೊಸ ಕಣ್ಣಿನಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಗುಳಿಗೆಯನ್ನು ಇಡಿಯಾಗಿ ಬಾಯಿಗೆ ಹಾಕಿ, ನೀರು ಕುಡಿದು, ನಾನು ಕೇಳುವ ಮೊದಲೇ ನಾಲಿಗೆ ಎತ್ತಿ ತೋರಿಸಿದರು.

“ಇನ್ನೊಂದ ಕಣ್ಣಿಂದೂ ಆಪರೇಷನ್ ಮುಗೀಲಿ ತಡಿ,” ಎಂದರು. “ಆಮ್ಯಾಲ ಅಕ್ಕಿ ಡಬ್ಬ್ಯಾಗ ಏನೈತಿ ನೋಡ್ತೀನಿ.”