ಆಡದೆಯೇ ಹೊಗಳಿದ ಆಟ

ತಂಗಿ ಮಾಡಿದ ಮೊಬೈಲ್ ಆಟವನ್ನು ಯಾರೂ ತೆಗಳಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಇಳಕಲ್ಲಿನ ನಮ್ಮ ಮನೆಯಲ್ಲಿ ಅವ್ವ ಈಗಲೂ ಕೊಂಡಿ ಹಾಕುತ್ತಾಳೆ. ಸೀರೆಯ ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಕೆಂಪು ರೇಷ್ಮೆ ಎಳೆಗೆ ಕುಣಿಕೆಯಿಂದ ಸೇರಿಸುವ ಕೆಲಸ ಅದು. ತಂಗಿ ಅದನ್ನೇ ಒಗಟಾಗಿಸಿದ್ದಳು. ಪರದೆಯ ಎರಡೂ ಬದಿಗೆ ಎಳೆಗಳು. ಸಿಕ್ಕಾಗದಂತೆ ಜೋಡಿಸಬೇಕು, ಹಾಕಿದ ಕುಣಿಕೆ ಬಿಚ್ಚುವಂತಿಲ್ಲ.

ಒಂದು ಜಾಲತಾಣ ಉದ್ದದ ವಿಮರ್ಶೆ ಬರೆಯಿತು. ನೆಲದ ಸೊಗಡು, ಪರಂಪರೆ, ತಾಯಂದಿರ ಬೆವರು. ಜೊತೆಗೆ ಬಾದಾಮಿ ಗುಹೆಗಳ ಫೋಟೊ ಬೇರೆ, ಯಾಕೋ! ಆಟದ ಬಗ್ಗೆ ಒಂದೇ ಸಾಲು ಇತ್ತೆಂದು ನನ್ನ ನೆನಪು. ಸಿಟ್ಟಿನಲ್ಲಿ ನಾನೇ ಕಡಿಮೆ ಎಣಿಸಿದೆನೇನೋ ಎಂದು ಮತ್ತೆ ತೆರೆದು ಓದಿದೆ. ಆ ಒಂದು ಸಾಲೂ ಇರಲಿಲ್ಲ.

"ಐದನೇ ಹಂತ ಕಠಿಣ ಆತೋ, ಸಲೀಸ ಆತೋ, ಒಬ್ಬರರ ಹೇಳಬೇಕಲ್ಲಕ್ಕಾ?" ಎಂದಳು ತಂಗಿ. "ಸೀರಿ ಭಾಳ ಚಂದ ಐತಿ ಅಂತಾರ. ಸೀರಿ ನಾ ಮಾಡೀನೇನು? ಈ ರವಿವಾರ ಆಟಾನ ತಗದ ಬಿಡ್ತೇನಿ."

ಜಾಲತಾಣಕ್ಕೆ ಬಿರುಸಾಗಿ ಉತ್ತರ ಬರೆದೆ. ಓದಿ ನೋಡಿದರೆ ಅದರಲ್ಲೂ ಬರೀ ಅವ್ವನ ಬೆರಳುಗಳು, ಆಟದ ಮಾತೇ ಇಲ್ಲ. ಅಳಿಸಿ ಹಾಕಿದೆ.

ರವಿವಾರ ಅವ್ವ ಫೋನು ಇಸಿದುಕೊಂಡಳು. ನಾಲ್ಕು ಹಂತ ದಾಟಿದಳು. ಐದನೆಯದನ್ನೂ ರೂಢಿಯಂತೆ ದಡಿಯಿಂದಲೇ, ಅಂದರೆ ಅಂಚಿನಿಂದಲೇ, ಶುರು ಮಾಡಿದಳು; ಅದು ನಡುವಿನಿಂದ ಹಿಡಿದರೆ ಮಾತ್ರ ಬಿಡಿಸಲು ಬರುವಂಥದ್ದು. ಸಿಕ್ಕಾಯಿತು. ಮತ್ತೆ ಸಿಕ್ಕು. ಫೋನನ್ನು ಹಾಸಿಗೆಯ ಮೇಲೆ ಒಗೆದಳು.

"ಯಾ ಹುಚ್ಚಿ ಮಾಡ್ಯಾಳ ಇದನ್ನ? ದಡಿ ಬಿಟ್ಟು ನಡುವ ಹಿಡದು ಯಾರರ ಕೊಂಡಿ ಹಾಕ್ತಾರೇನು? ಮೋಸ ಐತಿದು!"

"ಮೋಸ ಅಲ್ಲಬೇ ಯವ್ವಾ, ಒಗಟ ಐತಿ," ಎಂದಳು ತಂಗಿ.

"ಒಗಟಂತ, ನಿನ್ನ ತಲಿ! ಮೊದಲ ಒಂದ ಸಣ್ಣದರಾಗ ಕಲಿಸಬೇಕಿಲ್ಲ? ನಾಕನೇದು ಎಷ್ಟ ಚಲೋ ಇತ್ತು."

ತಂಗಿ ಅವ್ವನ ಪಕ್ಕಕ್ಕೆ ಸರಿದು ಕೂತಳು. "ನಾಕನೇದು ಯಾಕ ಚಲೋ ಇತ್ತು? ಬೈಕೋತನ ಹೇಳು."

ಅವ್ವ ಬೈಯುತ್ತಲೇ ಫೋನನ್ನು ಮತ್ತೆ ಎತ್ತಿಕೊಂಡಳು. ಊಟ ಆರುವವರೆಗೂ ಇಬ್ಬರೂ ಜಗಳಾಡಿದರು. ತಂಗಿ ಆಟವನ್ನು ತೆಗೆಯಲಿಲ್ಲ; ಐದನೆಯದಕ್ಕೆ ಮುಂಚೆ, ನಡುವಿನಿಂದ ಹಿಡಿಯುವುದನ್ನು ಕಲಿಸುವ ಸಣ್ಣದೊಂದು ಹಂತ ಸೇರಿಸಿದಳು.

ಆ ಜಾಲತಾಣದ ಮೇಲಿನ ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ.